ರಾಷ್ಟ್ರಕೂಟರ ರಾಜಧಾನಿ ಆಗಿದ್ದ ಮಳಖೇಡ ಈಗ ತಾಲ್ಲೂಕು ಕೂಡ ಅಲ್ಲ, ಯಾಕೆ? ಮಕ್ಕಳಿಗೆ ಏನು ಹೇಳಲಿ?

ಭಾಲ್ಕಿ_ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಬೀದರ್ ಜಿಲ್ಲೆಯವಳು, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪ್ರತಿ ವರ್ಷ ಪ್ರವಾಸ ಅಂದರೆ ಹಂಪಿ, ಇಲ್ಲ ವಿಜಯಪುರ. ಈ ಸಲ ಒಂಬತ್ತನೇ ತರಗತಿ ಮಕ್ಕಳನ್ನು ಮಳಖೇಡಕ್ಕೆ ಕರೆದುಕೊಂಡು ಹೋಗೋಣ ಅಂತ ನಾನೇ ಹಟ ಹಿಡಿದೆ. ಹೋಗುವ ಮೊದಲು ಸ್ವಲ್ಪ ಹೇಳಿಕೊಡೋಣ ಅಂತ ಶುರು ಮಾಡಿದರೆ ಒಬ್ಬ ಹುಡುಗ ಎದ್ದು ನಿಂತು ಕೇಳಿದ: ಕಲಬುರಗಿ ರಾಜಧಾನಿ ಆಗಿತ್ತು, ಈಗ ಮಹಾನಗರ ಪಾಲಿಕೆ. ಬೀದರ್ ಆಗಿತ್ತು, ಅದು ಜಿಲ್ಲಾ ಕೇಂದ್ರ. ಬಸವಕಲ್ಯಾಣ ಆಗಿತ್ತು, ಅದು ತಾಲ್ಲೂಕು, ನಗರಸಭೆ ಇದೆ. ಇವೆಲ್ಲಕ್ಕಿಂತ ಮೊದಲೇ ರಾಜಧಾನಿ ಆದ ಮಳಖೇಡ ಮಾತ್ರ ಯಾಕೆ ಗ್ರಾಮ ಪಂಚಾಯಿತಿಯಲ್ಲೇ ಇದೆ?

ಪ್ರಶ್ನೆ ಚೆನ್ನಾಗಿದೆ ಅಲ್ವಾ? ಪಾಠಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ. ಅಲ್ಲಿ ರಾಜರ ಹೆಸರು, ಇಸವಿ ಇಷ್ಟೇ. ಊರು ಆಮೇಲೆ ಏನಾಯಿತು, ಈಗ ಯಾರು ನಡೆಸುತ್ತಾರೆ, ಕೋಟೆ ಯಾರ ಕೈಯಲ್ಲಿದೆ, ಇದೆಲ್ಲ ಗೊತ್ತಿರುವವರು ಸ್ವಲ್ಪ ಹೇಳಿ. ಸೇಡಂ ಕಡೆಯವರು ಇಲ್ಲಿ ಇದ್ದೀರಿ ಅಂತ ಗೊತ್ತು.

ಕಾಗಿಣಾ_ದಂಡೆ

ಇದ್ದೇವೆ ಅಕ್ಕಾ. ಮೊದಲು ಜಾಗದ ಬಗ್ಗೆ ಹೇಳುತ್ತೇನೆ, ರಾಜರ ವಿಷಯ ತಿಳಿದವರು ಬರೆಯಲಿ.

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದರೆ ಸುಮಾರು 40 ಕಿ.ಮೀ. ಊರು ಕಾಗಿಣಾ ನದಿ ದಂಡೆಯಲ್ಲಿದೆ. ಕಾಗಿಣಾ ತೆಲಂಗಾಣದ ತಾಂಡೂರು ಕಡೆಯಿಂದ ಹರಿದು ಬರುತ್ತದೆ, ಚಿಂಚೋಳಿ ಕಡೆಯ ಮುಲ್ಲಾಮಾರಿ, ಆಮೇಲೆ ಬೆಣ್ಣೆತೊರೆ ಎಲ್ಲ ಇದಕ್ಕೇ ಸೇರುತ್ತವೆ, ಕಡೆಗೆ ಇದು ಹೋಗಿ ಭೀಮಾ ಸೇರುತ್ತದೆ. ಬೇಸಿಗೆಯಲ್ಲಿ ನೋಡಿದರೆ ಇದೇನಾ ನದಿ ಅನ್ನಿಸುತ್ತದೆ. ಮಳೆಗಾಲದಲ್ಲಿ ಅದೇ ನದಿ ಸೇತುವೆ ಮುಟ್ಟಿ ರಸ್ತೆ ಬಂದ್ ಮಾಡಿಸುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ, ಕಾಗಿಣಾ ಎರಡೂ ಒಟ್ಟಿಗೆ ತುಂಬಿ ಬಂದಾಗ ಈ ಭಾಗದ ಮಂದಿ ಪಟ್ಟ ಪಾಡು ಇನ್ನೂ ಮರೆತಿಲ್ಲ. ನೀರು ಜಾಸ್ತಿ ಬಂದರೆ ದಂಡೆಯ ಮೇಲಿನ ಉತ್ತರಾದಿ ಮಠದೊಳಗೂ ನುಗ್ಗುತ್ತದೆ.

ನೆಲದ ವಿಷಯ. ಮೇಲೆ ಕಪ್ಪು ಮಣ್ಣು, ಕೆಳಗೆ ಸುಣ್ಣದ ಕಲ್ಲು. ಮೇಲಿನದು ತೊಗರಿ, ಜೋಳ ಕೊಟ್ಟಿತು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ, ಅದನ್ನೂ ಮಕ್ಕಳಿಗೆ ಹೇಳಿ. ಕೆಳಗಿನದು ಮೊದಲು ಕೋಟೆ ಗೋಡೆಗೆ, ಮನೆಗಳ ಪರಸಿಗೆ (ನೆಲಹಾಸಿಗೆ) ಹೋಯಿತು, ಈಗ ಸಿಮೆಂಟ್ ಕಾರ್ಖಾನೆಗೆ ಹೋಗುತ್ತಿದೆ. ಶಹಾಬಾದ್ ಕಲ್ಲು ಅಂತ ಊರೂರಿಗೆ ಹೋಗುವ ಚಪ್ಪಡಿ ಇದೇ ಪಟ್ಟಿಯದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಎಲ್ಲ ಕಡೆ ಸಿಮೆಂಟ್ ಬಂದಿದ್ದು ಈ ಕಲ್ಲಿನಿಂದಲೇ.

ಇನ್ನೊಂದು, ರೈಲಿನಲ್ಲಿ ಬಂದರೆ ಮಳಖೇಡ ರೋಡ್ ನಿಲ್ದಾಣದಲ್ಲಿ ಇಳಿದು ಕೋಟೆ ಹುಡುಕಬೇಡಿ. ನಿಲ್ದಾಣ ಬೇರೆ, ಊರು ಬೇರೆ. ಕಾರ್ಖಾನೆ ಕಾಲೊನಿ ಇನ್ನೂ ಬೇರೆ.

ಶಾಸನ_ಹುಚ್ಚ

ಟೀಚರ್, ನಿಮ್ಮ ಹುಡುಗನಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ.

ಮಾನ್ಯಖೇಟ, ಅಂದರೆ ಈಗಿನ ಮಳಖೇಡ, ರಾಷ್ಟ್ರಕೂಟರ ರಾಜಧಾನಿ ಆಗಿದ್ದು ಅಮೋಘವರ್ಷ ನೃಪತುಂಗನ ಕಾಲದಲ್ಲಿ. ಅವನು ಪಟ್ಟಕ್ಕೆ ಬಂದಿದ್ದು 814ರಲ್ಲಿ, ಇನ್ನೂ ಹುಡುಗ. ಅರವತ್ತು ವರ್ಷಕ್ಕೂ ಜಾಸ್ತಿ ಆಳಿದ. ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ, ಅಂದರೆ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಕೃತಿ ಈ ಊರಿನ ಲೆಕ್ಕಕ್ಕೆ ಬರುತ್ತದೆ. ಮುಂದಿನ ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ಈ ಪಟ್ಟಣ ದೇವತೆಗಳ ಪಟ್ಟಣವನ್ನೇ ನಾಚಿಸುವಂತಿತ್ತು ಅಂತ ಬರೆಸಿಕೊಂಡಿದ್ದಾರೆ. ಬರೆಸುವವರು ಹಾಗೇ ಬರೆಸುತ್ತಾರೆ ಬಿಡಿ, ಆದರೆ ಹೊರಗಿನವರೂ ಒಪ್ಪಿಕೊಂಡಿದ್ದರು. ಅರಬ್ ಬರಹಗಾರರು ಇದನ್ನು ಮಾಂಕೀರ್ ಅಂತ ಕರೆದು, ಇಲ್ಲಿನ ದೊರೆಯನ್ನು ಜಗತ್ತಿನ ನಾಲ್ಕು ದೊಡ್ಡ ದೊರೆಗಳಲ್ಲಿ ಒಬ್ಬ ಅಂತ ಎಣಿಸಿದ್ದಾರೆ. ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮಿನ (ಕಾನ್‌ಸ್ಟಾಂಟಿನೋಪಲ್‌ನ) ದೊರೆ, ಆಮೇಲೆ ನಮ್ಮ ಮಳಖೇಡದವನು.

ಇಷ್ಟು ದೊಡ್ಡ ಊರು ಬಿದ್ದಿದ್ದು ಹೇಗೆ? 972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ಬಂದು ಲೂಟಿ ಮಾಡಿದ. ಮರು ವರ್ಷ 973ರಲ್ಲಿ ಎರಡನೇ ತೈಲಪ ರಾಷ್ಟ್ರಕೂಟರ ಆಳ್ವಿಕೆಯನ್ನೇ ಮುಗಿಸಿ ಕಲ್ಯಾಣದ ಚಾಲುಕ್ಯರ ಮನೆತನ ಶುರು ಮಾಡಿದ. ಇಲ್ಲಿ ಎಲ್ಲರೂ ಒಂದು ವಿಷಯ ಬಿಟ್ಟುಬಿಡುತ್ತಾರೆ. ಲೂಟಿ ಆದ ಮೇಲೂ ಮಳಖೇಡ ಸಾಯಲಿಲ್ಲ. ತೈಲಪ ಮತ್ತು ಅವನ ಮಕ್ಕಳು ಮೊಮ್ಮಕ್ಕಳೂ ಇಲ್ಲಿಂದಲೇ ಆಳಿದರು. ಒಂದನೇ ಸೋಮೇಶ್ವರ, 1042ರಿಂದ 1068ರವರೆಗೆ ಆಳಿದವನು, ರಾಜಧಾನಿಯನ್ನು ಕಲ್ಯಾಣಕ್ಕೆ, ಅಂದರೆ ಈಗಿನ ಬಸವಕಲ್ಯಾಣಕ್ಕೆ, ಸಾಗಿಸಿದ. ಊರಿಗೆ ನಿಜವಾದ ಪೆಟ್ಟು ಬಿದ್ದಿದ್ದು ಆವಾಗ. ದಂಡು, ಲೆಕ್ಕದವರು, ವ್ಯಾಪಾರಿಗಳು, ಶಿಲ್ಪಿಗಳು ಎಲ್ಲ ಗಂಟುಮೂಟೆ ಕಟ್ಟಿಕೊಂಡು ನಿಮ್ಮ ಬೀದರ್ ಜಿಲ್ಲೆಗೆ ಬಂದರು ಅಂತ ತಿಳಿಯಿರಿ.

ಆಮೇಲೆ 1347ರಲ್ಲಿ ಬಹಮನಿಗಳು ರಾಜಧಾನಿ ಮಾಡಲು ಆರಿಸಿದ್ದು ಕಲಬುರಗಿ, ಮುಂದೆ ಬೀದರ್. ಮಳಖೇಡ ಒಂದು ಕೋಟೆ ಊರಾಗಿ ಉಳಿಯಿತು. ಈಗ ನೀವು ನೋಡುವ ಗೋಡೆ, ಬುರುಜು, ಅಗಸೆ ಬಾಗಿಲು ಹೆಚ್ಚಿನವು ಈ ನಂತರದ ಕಾಲದ ಕಟ್ಟಡ. ಮಕ್ಕಳು "ಇದು ನೃಪತುಂಗ ಕಟ್ಟಿದ್ದಾ?" ಅಂತ ಕೇಳಿದರೆ ಸುಮ್ನೆ ಹೌದು ಅನ್ನಬೇಡಿ. ಜೈನ ಕಾಲದ ಗುರುತು ಬೇಕಿದ್ದರೆ ನೇಮಿನಾಥ ಬಸದಿಗೆ ಹೋಗಿ. ಅಲ್ಲಿ ಸಣ್ಣ ಸಣ್ಣ ಜಿನಬಿಂಬಗಳಿರುವ ಪಂಚಲೋಹದ ಗುಡಿ ಇದೆ, ಅದನ್ನು ನೋಡಲೇಬೇಕು. ಮಠ, ಬಸದಿ, ದರ್ಗಾ ಮೂರೂ ಒಂದೇ ಊರಲ್ಲಿ ನಡೆದುಕೊಂಡೇ ನೋಡಬಹುದು.

ಭಾಲ್ಕಿ_ಟೀಚರ್

ಭಾಳ ಉಪಕಾರ ಆಯಿತು. ಕಲ್ಯಾಣಕ್ಕೆ ಸಾಗಿಸಿದ ವಿಷಯ ಹೇಳಿದರೆ ನಮ್ಮ ಹುಡುಗರು ನಗುತ್ತಾರೆ, "ನಾವೇ ಕಿತ್ಕೊಂಡ್ವಿ" ಅಂತ.

ಆದರೆ ಅವನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು ಅಷ್ಟೇ. ಹನ್ನೊಂದನೇ ಶತಮಾನದಲ್ಲಿ ಬಿದ್ದ ಊರು ಆಮೇಲೆ ಎದ್ದೇಳಬಹುದಿತ್ತಲ್ಲ? ತಾಲ್ಲೂಕು ಯಾಕೆ ಸೇಡಂ ಆಯಿತು, ಮಳಖೇಡ ಆಗಲಿಲ್ಲ? ಇತ್ತೀಚೆಗೆ ಹೊಸ ತಾಲ್ಲೂಕು ಮಾಡಿದಾಗಲೂ ಇದರ ಹೆಸರು ಬರಲಿಲ್ಲ ಅಲ್ವಾ?

ರಿಟೈರ್ಡ್_ಕಾರ್ಯದರ್ಶಿ

ಮೇಡಂ, ನಾನು ಇದೇ ಜಿಲ್ಲೆಯ ಪಂಚಾಯಿತಿಗಳಲ್ಲಿ ಕೆಲಸ ಮಾಡಿ ನಿವೃತ್ತಿ ಆದವನು, ಹಾಗಾಗಿ ಕಚೇರಿ ಕಡೆಯಿಂದ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಭಾಗದ ತಾಲ್ಲೂಕುಗಳ ಮೂಲ ನಕ್ಷೆ ನಿಜಾಮರ ಕಾಲದ್ದು. ಆಗ ತಾಲ್ಲೂಕು ಅಂದರೆ ಕಂದಾಯ ವಸೂಲಿಯ ಘಟಕ. ಹಳೆಯ ರಾಜಧಾನಿ ಯಾವುದು ಅಂತ ಯಾರೂ ನೋಡಲಿಲ್ಲ, ತಹಶೀಲ್ದಾರ ಎಲ್ಲಿ ಕೂತರೆ ವಸೂಲಿ ಸಲೀಸು ಅಂತ ನೋಡಿದರು. 1870ರ ದಶಕದಲ್ಲಿ ವಾಡಿಯಿಂದ ಸಿಕಂದರಾಬಾದ್‌ಗೆ ರೈಲು ಹಾದಿ ಆಯಿತು. ಚಿತ್ತಾಪುರ, ಸೇಡಂ ಎರಡಕ್ಕೂ ನಿಲ್ದಾಣ ಸಿಕ್ಕಿತು, ಮಾರುಕಟ್ಟೆ ಅಲ್ಲಿ ಬೆಳೆಯಿತು. ಮಳಖೇಡ ಇವೆರಡರ ನಡುವೆ ಸಿಕ್ಕಿಕೊಂಡಿತು, ಅದರ ನಿಲ್ದಾಣವೂ ಊರಿಂದ ದೂರ ಬಿತ್ತು. ಒಂದು ಕಡೆ ಸೇಡಂ ಇಪ್ಪತ್ತು ಕಿ.ಮೀ. ಒಳಗೆ, ಇನ್ನೊಂದು ಕಡೆ ಚಿತ್ತಾಪುರ, ಮೇಲೆ ಕಲಬುರಗಿ. ನಡುವಿನ ಊರಿಗೆ ಇನ್ನೊಂದು ಕಚೇರಿ ಯಾರು ಕೊಡುತ್ತಾರೆ?

ಊರು ನಡೆಸಿದ್ದು ಮಾಲಿಪಾಟೀಲ, ಪೊಲೀಸ್ ಪಾಟೀಲ, ಪಟವಾರಿ. ಮಾಲಿಪಾಟೀಲನ ಕೆಲಸ ಕಂದಾಯ, ಪೊಲೀಸ್ ಪಾಟೀಲನದು ಬಂದೋಬಸ್ತ್, ಪಟವಾರಿ ಲೆಕ್ಕ. ನಿಮ್ಮ ತರಗತಿಯಲ್ಲೇ ಈ ಅಡ್ಡಹೆಸರಿನ ಮಕ್ಕಳು ಇರುತ್ತಾರೆ, ಅವರಿಂದಲೇ ಪಾಠ ಶುರು ಮಾಡಬಹುದು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅದೇ ಹೊತ್ತಿಗೆ ಕೊಡಂಗಲ್, ತಾಂಡೂರು ಆಂಧ್ರ ಪ್ರದೇಶದ ಕಡೆ ಹೋದವು, ಸೇಡಂ ಗಡಿ ತಾಲ್ಲೂಕು ಆಯಿತು. ವಂಶಪಾರಂಪರ್ಯದ ಪಾಟೀಲಕಿ, ಕುಲಕರ್ಣಿಕಿ ಕಾನೂನಿನಲ್ಲಿ ಹೋಗಿದ್ದು 1960ರ ದಶಕದ ಶುರುವಿನಲ್ಲಿ.

ಪಂಚಾಯಿತಿಯ ಕಥೆ ಬೇರೆ. 1959ರ ಕಾಯ್ದೆಯಲ್ಲಿ ಗ್ರಾಮ ಪಂಚಾಯಿತಿ, ಮೇಲೆ ತಾಲ್ಲೂಕು ಬೋರ್ಡು. 1983ರ ಕಾಯ್ದೆಯಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತು. ಅದಕ್ಕೆ ಚುನಾವಣೆ ಆಗಿದ್ದು 1987ರಲ್ಲಿ. ನಜೀರ್ ಸಾಬ್ ಮಂತ್ರಿ ಆಗಿದ್ದ ಕಾಲ ಅದು, ನಮ್ಮ ಕಡೆ ಹಳಬರು ಅವರನ್ನು ಇನ್ನೂ ನೀರ್ ಸಾಬ್ ಅಂತಲೇ ನೆನೆಸುತ್ತಾರೆ, ಬೋರ್‌ವೆಲ್ ಕೊರೆಸಿದ್ದಕ್ಕೆ. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ, 1993ರ ರಾಜ್ಯ ಕಾಯ್ದೆ. ಈಗ ಇರುವುದು ಅದೇ. 400 ಜನಕ್ಕೆ ಒಬ್ಬ ಸದಸ್ಯ, ಅರ್ಧ ಸ್ಥಾನ ಮಹಿಳೆಯರಿಗೆ, ಅಧ್ಯಕ್ಷರ ಅವಧಿ 30 ತಿಂಗಳು. ಐದು ವರ್ಷದಲ್ಲಿ ಇಬ್ಬರು ಅಧ್ಯಕ್ಷರು, ಎರಡೂ ಸಲ ಮೀಸಲಾತಿ ಬೇರೆ.

ಹೊಸ ತಾಲ್ಲೂಕಿನ ಮಾತು: 2018ರಲ್ಲಿ ಕಲಬುರಗಿ ಜಿಲ್ಲೆಗೆ ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ ಸೇರಿದವು, ಮೊದಲಿದ್ದ 7 ಈಗ 11. ಕಾಳಗಿ, ಯಡ್ರಾಮಿ ಕಡೆಯ ಹಳ್ಳಿಯವರಿಗೆ ಹಳೆಯ ತಾಲ್ಲೂಕು ಕೇಂದ್ರ ನಿಜವಾಗಿಯೂ ದೂರ ಇತ್ತು. ಮಳಖೇಡದವರು ಪಹಣಿ ತರಲು ಸೇಡಂಗೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು. ಹೀಗಾಗಿ ಹೆಸರು ಎಷ್ಟು ದೊಡ್ಡದಿದ್ದರೂ ತಾಲ್ಲೂಕು ಕೇಳಲು ಕಾರಣ ಸಿಗುವುದಿಲ್ಲ.

ವಾಡಿ_ಜಂಕ್ಷನ್

ತಾಲ್ಲೂಕು ಬೇಡ ಕಾಕಾ, ಪಟ್ಟಣ ಪಂಚಾಯಿತಿಯಾದರೂ ಮಾಡಬಹುದಲ್ಲ? ನಮ್ಮ ವಾಡಿ ನೋಡಿ. ರಾಜನೂ ಇಲ್ಲ, ಕವಿಯೂ ಇಲ್ಲ. ರೈಲು ಜಂಕ್ಷನ್, ಸಿಮೆಂಟ್ ಕಾರ್ಖಾನೆ ಎರಡೇ. ಈಗ ಪುರಸಭೆ. ಶಹಾಬಾದ್ ನಗರಸಭೆ. ಸೇಡಂ ಪುರಸಭೆ, ಚಿತ್ತಾಪುರ ಪುರಸಭೆ. ಮಳಖೇಡದ ಪಕ್ಕದಲ್ಲೂ ಕಾರ್ಖಾನೆ ಇದೆ, ಲಾರಿ ಧೂಳು ಇದೆ, ಧೂಳು ಮಾತ್ರ ಪಟ್ಟಣದ್ದು, ಕಸದ ಗಾಡಿ ಹಳ್ಳಿಯದ್ದು. ಪಟ್ಟಣ ಪಂಚಾಯಿತಿ ಆದರೆ ಮುಖ್ಯಾಧಿಕಾರಿ ಬರುತ್ತಾರೆ, ಒಳಚರಂಡಿ ಬರುತ್ತದೆ, ಬೀದಿ ದೀಪ ಬರುತ್ತದೆ. ಪ್ರವಾಸಿಗರಿಗೆ ಒಂದು ಒಳ್ಳೆಯ ಶೌಚಾಲಯ ಆದರೂ ಬರುತ್ತದೆ. ಟೀಚರ್ ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುತ್ತಿದ್ದಾರೆ, ಅದನ್ನೂ ಯೋಚಿಸಿ.

ರಿಟೈರ್ಡ್_ಕಾರ್ಯದರ್ಶಿ

ತಮ್ಮಾ, ಶೌಚಾಲಯದ ಮಾತು ನೂರಕ್ಕೆ ನೂರು ಖರೇ. ಉಳಿದದ್ದಕ್ಕೆ ಲೆಕ್ಕ ನೋಡು.

ಕಾಯ್ದೆ ಪ್ರಕಾರ ಪಟ್ಟಣ ಪಂಚಾಯಿತಿಗೆ 10,000ದಿಂದ 20,000 ಜನಸಂಖ್ಯೆ, ಚದರ ಕಿ.ಮೀ.ಗೆ ಕನಿಷ್ಠ 400 ಜನ, ಜೊತೆಗೆ ದುಡಿಯುವವರಲ್ಲಿ ಅರ್ಧದಷ್ಟು ಮಂದಿ ಒಕ್ಕಲುತನ ಬಿಟ್ಟು ಬೇರೆ ಕೆಲಸದಲ್ಲಿ ಇರಬೇಕು. ಈ ಕೊನೆಯದೇ ತೊಡಕು. ತೊಗರಿ ಹೊಲ ನಂಬಿದ ಊರಲ್ಲಿ ಅದು ಸುಲಭ ಇಲ್ಲ. ಕಾರ್ಖಾನೆಯವರ ಕಾಲೊನಿ ಅದರ ಪಾಡಿಗೆ ಇರುತ್ತದೆ, ಅಲ್ಲಿನ ರಸ್ತೆ, ನೀರು ಎಲ್ಲ ಅವರದೇ, ಆ ಜನ ಊರಿನ ಲೆಕ್ಕಕ್ಕೆ ಬರುತ್ತಾರೋ ಇಲ್ಲವೋ ಅನ್ನುವುದು ಗಡಿ ಎಲ್ಲಿ ಹಾಕುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ. ನಿಮ್ಮ ವಾಡಿಯಲ್ಲಿ ರೈಲ್ವೆ, ಕಾರ್ಖಾನೆ, ಪೇಟೆ ಒಂದರ ಮೈಗೆ ಒಂದು ಹತ್ತಿಕೊಂಡು ಬೆಳೆದವು. ಅದಕ್ಕೇ ಅಲ್ಲಿ ನಡೆಯಿತು.

ಆದರೆ ಬೇಕು ಅಂತ ಊರವರನ್ನು ಕೇಳಿ ನೋಡು. ಪಟ್ಟಣ ಅಂತ ಬೋರ್ಡು ಬಿದ್ದ ದಿನ ಉದ್ಯೋಗ ಖಾತ್ರಿ ಕೆಲಸ ನಿಲ್ಲುತ್ತದೆ. ಮನೆ ತೆರಿಗೆ ಏರುತ್ತದೆ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇ 25 ಮೀಸಲಾತಿ ಇದೆಯಲ್ಲ, ಮುಂದೆ ಓದುವ ಮಕ್ಕಳಿಗೆ ಅದೂ ಹೋಗುತ್ತದೆ. ನಮ್ಮ ಭಾಗದಲ್ಲಿ 371(ಜೆ), ಅಂದರೆ ಸಂವಿಧಾನ ಈ ಭಾಗಕ್ಕೆ ಕೊಟ್ಟ ವಿಶೇಷ ಮೀಸಲಾತಿ, ಅದರ ಜೊತೆಗೆ ಈ ಗ್ರಾಮೀಣ ಸರ್ಟಿಫಿಕೇಟನ್ನು ಎಷ್ಟು ಜೋಪಾನ ಮಾಡುತ್ತಾರೆ ಅಂತ ನಿನಗೇ ಗೊತ್ತು. ಬೆಂಗಳೂರಲ್ಲಿ ಕೂತವರಿಗೆ ಪಟ್ಟಣ ಅಂದರೆ ಬಡ್ತಿ. ಕೂಲಿ ಮಾಡುವ ಮನೆಗೆ ಅದು ನಷ್ಟ. ನನ್ನ ಮಟ್ಟಿಗೆ ಗ್ರಾಮ ಪಂಚಾಯಿತಿಯಾಗಿ ಇರುವುದು ಊರಿಗೆ ಅವಮಾನ ಏನೂ ಅಲ್ಲ.

ನಿಜವಾದ ತೊಂದರೆ ಕೋಟೆಯದು. ಕೋಟೆ ಗೋಡೆ ರಾಜ್ಯ ಪುರಾತತ್ವ ಇಲಾಖೆಗೆ ಸೇರಿದ್ದು. ಜಮೀನಿನ ದಾಖಲೆ ತಹಶೀಲ್ದಾರರ ಬಳಿ. ಗೋಡೆ ಒಳಗೆ ತಲೆಮಾರಿನಿಂದ ಮನೆ ಮಾಡಿಕೊಂಡಿರುವವರ ನಲ್ಲಿ, ಚರಂಡಿ, ದೀಪ ಪಂಚಾಯಿತಿಯದ್ದು. ಪಂಚಾಯಿತಿ ಚರಂಡಿ ತೋಡಬೇಕು ಅಂದರೆ ಇಲಾಖೆ ಒಪ್ಪಿಗೆ ಬೇಕು, ಇಲಾಖೆ ಗೋಡೆ ರಿಪೇರಿ ಮಾಡಬೇಕು ಅಂದರೆ ಗೋಡೆಗೆ ಆತುಕೊಂಡ ಮನೆಯ ಪ್ರಶ್ನೆ ಬರುತ್ತದೆ, ಮನೆಯ ಪ್ರಶ್ನೆ ಬಂದರೆ ತಹಶೀಲ್ದಾರ ಕಚೇರಿ. ಮೂವರೂ ಒಂದೇ ಮೇಜಿನ ಸುತ್ತ ಕೂರುವ ತನಕ ಏನೂ ಆಗುವುದಿಲ್ಲ. ಪಟ್ಟಣ ಪಂಚಾಯಿತಿ ಬಂದರೂ ಈ ಮೂರು ಮೂರೇ ಆಗಿರುತ್ತವೆ.

ವಾಡಿ_ಜಂಕ್ಷನ್

ಖಾತ್ರಿ, ಗ್ರಾಮೀಣ ಮೀಸಲಾತಿ ಮಾತು ಒಪ್ಪಿದೆ ಕಾಕಾ. ಆದರೆ ದುಡ್ಡಿನ ವಿಷಯ ಒಪ್ಪುವುದಿಲ್ಲ. ಈ ನೆಲದ ಕಲ್ಲು ತೆಗೆದು ಊರಿಗೆ ಊರೇ ಕಟ್ಟುತ್ತಿದ್ದಾರೆ. 2015ರ ತಿದ್ದುಪಡಿ ಆದ ಮೇಲೆ ಹಳೆಯ ಗಣಿ ಗುತ್ತಿಗೆಯವರು ರಾಜಧನದ (ಸರ್ಕಾರಕ್ಕೆ ಕಟ್ಟುವ ರಾಯಲ್ಟಿಯ) ಶೇ 30ರಷ್ಟು, ಹರಾಜಿನಲ್ಲಿ ಪಡೆದವರು ಶೇ 10ರಷ್ಟು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬೇರೆಯಾಗಿ ಕಟ್ಟಬೇಕು. ಆ ದುಡ್ಡು ಗಣಿಯಿಂದ ತೊಂದರೆ ಆದ ಊರುಗಳಿಗೆ. ಜೊತೆಗೆ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ ಇದೆ. ಇಷ್ಟಿದ್ದೂ ಕೋಟೆ ಬಾಗಿಲಲ್ಲಿ ಒಂದು ನೆರಳು ಇಲ್ಲ ಅಂದರೆ ಕೇಳುವವರು ಇಲ್ಲ ಅಂತಲೇ ಅರ್ಥ.

ರಿಟೈರ್ಡ್_ಕಾರ್ಯದರ್ಶಿ

ಕೇಳುವವರು ಇಲ್ಲ ಅನ್ನುವುದು ಸರಿ, ಕಾರಣವೂ ಇದೆ. ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗೆ ಕೊನೆಯ ಚುನಾವಣೆ ಆಗಿದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಎಳೆಯಿತು. ಗ್ರಾಮ ಪಂಚಾಯಿತಿ ಸದಸ್ಯ ಬೇಡಿಕೆ ಹಿಡಿದುಕೊಂಡು ಹೋದರೆ ಮೇಲೆ ಕೂತಿರುವುದು ಅಧಿಕಾರಿ ಮಾತ್ರ. ಮೊದಲು ಜಿಲ್ಲಾ ಪಂಚಾಯಿತಿ ಸದಸ್ಯ ಅಂತ ಒಬ್ಬ ಇರುತ್ತಿದ್ದ, ಕೆಲಸ ಮಾಡುತ್ತಿದ್ದನೋ ಬಿಡುತ್ತಿದ್ದನೋ, ಬೈಯಲು ಆದರೂ ಸಿಗುತ್ತಿದ್ದ. ಈಗ ಎಲ್ಲದಕ್ಕೂ ಶಾಸಕರ ಮನೆ ಮುಂದೆ ನಿಲ್ಲಬೇಕು.

ಆದರೂ ಒಂದು ದಾರಿ ಇದೆ. ಗ್ರಾಮ ಸಭೆಯಲ್ಲಿ ಬರೆಸಿದ ಠರಾವು. ಆರು ತಿಂಗಳಿಗೆ ಒಮ್ಮೆಯಾದರೂ ಸಭೆ ಕರೆಯಬೇಕು ಅಂತ ಕಾಯ್ದೆಯಲ್ಲಿ ಇದೆ. ಪ್ರತಿಷ್ಠಾನದ ದುಡ್ಡು ಕೇಳಬೇಕಾದರೂ ಬಾಯಿ ಮಾತಿಗಿಂತ ಠರಾವಿನ ನಕಲು ಭಾರ. ಮಂದಿ ಸಭೆಗೆ ಬರುವುದಿಲ್ಲ, ಸರ್ಕಾರಿ ಮನೆ ಯಾರಿಗೆ ಅನ್ನುವ ಪಟ್ಟಿ ಓದುವ ದಿನ ಮಾತ್ರ ಬರುತ್ತಾರೆ.

ಭಾಲ್ಕಿ_ಟೀಚರ್

ಕಾಕಾ, ಇದನ್ನು ಓದಿ ನನ್ನ ಪ್ಲಾನ್ ಬದಲಾಯಿತು. ಕೋಟೆ, ಬಸದಿ ನೋಡಿಸಿ ವಾಪಸ್ ಬರೋಣ ಅಂತಿದ್ದೆ. ಈಗ ಪಂಚಾಯಿತಿ ಕಚೇರಿಗೂ ಕರೆದುಕೊಂಡು ಹೋಗುತ್ತೇನೆ. ಸಾಧ್ಯ ಆದರೆ ಮಕ್ಕಳು ಅಧ್ಯಕ್ಷರನ್ನು ನೇರವಾಗಿ ಕೇಳಲಿ. ಡಿಸೆಂಬರ್ ಕೊನೆಗೆ ಬರಬಹುದಾ? ಯಾರ ಅನುಮತಿ ಬೇಕು?

ಕಾಗಿಣಾ_ದಂಡೆ

ಅಕ್ಕಾ, ಡಿಸೆಂಬರ್ ಕೊನೆ ಬೇಡ. ತೊಗರಿ ರಾಶಿ ಸಮಯ, ಊರಲ್ಲಿ ಮಂದಿ ಸಿಗುವುದಿಲ್ಲ, ಸದಸ್ಯರೂ ಹೊಲದಲ್ಲೇ ಇರುತ್ತಾರೆ. ಜನವರಿ ಕೊನೆಯ ವಾರ ಇಟ್ಟುಕೊಳ್ಳಿ, ಬಿಸಿಲೂ ಏರಿರುವುದಿಲ್ಲ. ಶಾಲೆಯ ಲೆಟರ್‌ಹೆಡ್‌ನಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಒಂದು ಪತ್ರ ಮೊದಲೇ ಕಳಿಸಿ, ಕಾಪಿ ಸೇಡಂ ತಾಲ್ಲೂಕು ಪಂಚಾಯಿತಿಗೆ. ಕೋಟೆ ಹೊರಗಿಂದ ನೋಡಲು ಯಾರನ್ನೂ ಕೇಳಬೇಕಿಲ್ಲ, ಆದರೆ ಒಳಗೆ ಮನೆಗಳಿವೆ, ಮಕ್ಕಳು ಬುರುಜು ಹತ್ತಿ ಕೂಗಾಡದಂತೆ ನೋಡಿಕೊಳ್ಳಿ, ಕೆಲವು ಕಡೆ ಕಲ್ಲು ಸಡಿಲ ಇದೆ. ಶೌಚಾಲಯಕ್ಕೆ ಸೇಡಂ ಬಸ್ ಸ್ಟ್ಯಾಂಡೇ ಗತಿ, ಇಲ್ಲವಾದರೆ ಇಲ್ಲಿನ ಸರ್ಕಾರಿ ಹೈಸ್ಕೂಲ್ ಮುಖ್ಯ ಗುರುಗಳಿಗೆ ಒಂದು ಮಾತು ಮೊದಲೇ ಹೇಳಿಡಿ, ಬೇಡ ಅನ್ನುವುದಿಲ್ಲ. ಬುತ್ತಿ ಕಟ್ಟಿಕೊಂಡೇ ಬನ್ನಿ.

ಶಾಸನ_ಹುಚ್ಚ

ಬಸ್ಸಿನಲ್ಲಿ ಜಾಗ ಇದ್ದರೆ ನನ್ನನ್ನೂ ಕಲಬುರಗಿಯಲ್ಲಿ ಹತ್ತಿಸಿಕೊಳ್ಳಿ ಟೀಚರ್. ಆ ಹುಡುಗನ ಪಕ್ಕದ ಸೀಟು ಕೊಡಿ.